ಈ ತಲೆನೋವಿಗೆ ಮನೆಮದ್ದು ಬೇಡ



ತಲೆನೋವು ಅಂದಕೂಡಲೇ ಸುಂಠಿ ತೇದು ಹಣೆಗೆ ಹಚ್ಚುವುದು ನಮ್ಮ ಬೈಲಹೊಂಗಲದ ಕಡೆಯ ರೂಢಿ. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರು ಮನೆಯಲ್ಲಿದ್ದರೆ, ಅವರ ತಲೆನೋವಿಗೆ ಸುಂಠಿ ಬ್ಯಾಡ್ರಿ, ಡಾಕ್ಟರರೇ ಬೇಕು.

ಯಾಕಂತೀರಾ? ಇನ್ನೊಬ್ಬರ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಅವರು ದಿನವೂ ಗುಳಿಗೆ ನುಂಗುತ್ತಾರೆ. ಅದರಿಂದ ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಆಗ ನಮಗೇನೂ ಮಾಡದ ಬೂಷ್ಟು ಅವರಿಗೆ ವೈರಿ. ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಉಸಿರಿನೊಡನೆ ಪುಪ್ಪುಸಕ್ಕೆ ಹೋಗಿ, ರಕ್ತದ ಮೂಲಕ ಮಿದುಳಿನ ಪೊರೆ ಮುಟ್ಟಬಲ್ಲದು. 2021ರ ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯವನ್ನು ನಡುಗಿಸಿದ 'ಕಪ್ಪು ಶಿಲೀಂಧ್ರ' ನೆನಪಿದೆಯಲ್ಲ? ಮೂಗಿನಿಂದ ಕಣ್ಣಿಗೆ, ಮಿದುಳಿಗೆ ಏರುವ ಆ ರೋಗದ ಭಯ ಕಸಿಯಾದವರಿಗೂ ಉಂಟು. ಇವೆಲ್ಲ ಅಪರೂಪ, ಖರೆ. ಬಂದರೆ ಮಾತ್ರ ಜೀವಕ್ಕೇ ಕುತ್ತು.

ಕ್ರಿಪ್ಟೊಕಾಕಸ್ ಮೆಲ್ಲಗೆ ಬರುತ್ತದೆ. ಕಸಿಯಾಗಿ ವರ್ಷಗಳಾದ ಮೇಲೂ ಬರಬಹುದು. ವಾರಗಟ್ಟಲೆ ತಲೆನೋವು, ವಾಂತಿ, ಮಂಪರು, ಕಣ್ಣು ಮಂಜಾಗುವುದು, ಮಾತು ಹಳಿ ತಪ್ಪುವುದು. ಜ್ವರ ಇಲ್ಲದೆಯೂ ಇರಬಹುದು. ಆದ್ದರಿಂದ "ಮೈ ಸುಡೂದಿಲ್ಲ, ನಿದ್ದಿ ಕಡಿಮಿ ಆಗೇದ" ಎಂದು ಸುಮ್ಮನಿರಬೇಡಿ. ಮೂಗಿನಲ್ಲಿ ಕಪ್ಪು ಹಕ್ಕಳೆ, ಕಣ್ಣಿನ ಸುತ್ತ ಬಾವು ಕಂಡರೆ ಅದೇ ದಿನ ಹೊರಡಿ.

ಡಾಕ್ಟರರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕೆಂದರೆ, "ಕಾಲು ಬಿದ್ದುಹೋಗ್ತಾವ" ಎಂಬ ಓಣಿಯ ಮಾತಿಗೆ ಹೆದರಬೇಡಿ. ರೋಗ ಗೊತ್ತಾಗುವುದೇ ಆ ನೀರಿನಿಂದ. ಆಂಫೊಟೆರಿಸಿನ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಮುಂದೆ ತಿಂಗಳುಗಟ್ಟಲೆ ಗುಳಿಗೆ ಕೊಡುತ್ತಾರೆ. ನಡುವೆ ಬಿಡುವಂತಿಲ್ಲ.

ಮನೆಯಲ್ಲಿ ಇಷ್ಟು ನೋಡಿಕೊಳ್ಳಿ. ಹಗೇವು ತೆಗೆಯುವಾಗ, ಬೂಷ್ಟು ಹಿಡಿದ ಜೋಳ ಕೇರುವಾಗ, ತಿಪ್ಪೆ ಎತ್ತುವಾಗ, ಹಳೇ ಗೋಡೆ ಕೆಡವುವಾಗ ಅವರನ್ನು ದೂರ ಇಡಿ. ಒಣಗಿದ ಹಿಕ್ಕೆಯನ್ನು ಅವರು ಮುಟ್ಟುವುದು ಬೇಡ. ನೀವು ತೆಗೆಯುವಾಗಲೂ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ರೋಗ ಬಂದರೂ ಅವರ ತಾಟು, ಹಾಸಿಗೆ ಬೇರೆ ಮಾಡಬೇಕಿಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವ ಜಡ್ಡಲ್ಲ.

ಹೆದರಿ ಕಸಿಯ ಗುಳಿಗೆಯನ್ನು ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ; ಕಿಡ್ನಿಯೇ ಕೈಬಿಟ್ಟೀತು. ಹೊಸ ಗುಳಿಗೆಯನ್ನೂ ಕೇಳದೆ ಕೊಡಬೇಡಿ. ಶಿಲೀಂಧ್ರದ ಕೆಲವು ಔಷಧಗಳು ಕಸಿಯ ಗುಳಿಗೆಯ ಅಂಶವನ್ನು ರಕ್ತದಲ್ಲಿ ಏರಿಸುತ್ತವೆ. ಪ್ರಮಾಣ ಹೊಂದಿಸುವುದು ಡಾಕ್ಟರರ ಕೆಲಸ. ಕಸಿಯ ಫೈಲು, ಗುಳಿಗೆಯ ಚೀಟಿ ಒಂದೇ ಚೀಲದಲ್ಲಿರಲಿ. ಯಾವ ದವಾಖಾನೆಗೆ ಹೋದರೂ ಮೊದಲ ಮಾತು ಇದೇ ಇರಲಿ: "ಇವರಿಗೆ ಕಿಡ್ನಿ ಕಸಿ ಆಗೇದ್ರಿ."