ಚಳಿಗೆ ರಜೆ ಬೇಡ, ಶನಿವಾರ ಒಂದು ಗಂಟೆ ತಡವಾಗಲಿ



ಧನುರ್ಮಾಸದ ಚಳಿ ಬಿದ್ದರೆ ಸಾಕು, ಕೊಕ್ಕನೂರಿನ ಕಡೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಪೋಷಕರಲ್ಲಿ ಚರ್ಚೆ ಶುರು: ಶಾಲೆಗೆ ರಜೆ ಕೊಡಬೇಕೇ, ಬೇಡವೇ? ಬೇಡ ಎಂಬುದು ನನ್ನ ಅಭಿಪ್ರಾಯ.

ದೆಹಲಿಯ ಕಡೆ ಜನವರಿಯಲ್ಲಿ ಚಳಿಗೆ ಶಾಲೆ ಮುಚ್ಚುತ್ತಾರೆ, ನಿಜ. ಆದರೆ ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿದ ಮೇಲೆಯೇ ಹವಾಮಾನ ಇಲಾಖೆ ಶೀತಗಾಳಿಯ ಮಾತೆತ್ತುವುದು. ನಮ್ಮಲ್ಲಿ ಅಂಥ ದಿನ ಅಪರೂಪ. ಶಾಲೆ ಮುಚ್ಚಿದರೆ ಪಾಠದ ಜೊತೆ ಬಿಸಿಯೂಟವೂ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಬಿಸಿ ಹಾಲೂ ತಪ್ಪುತ್ತವೆ. ನಾವು ಹಾಕಿದ ಹಾಲೇ ಪುಡಿಯಾಗಿ ಮಕ್ಕಳ ಲೋಟಕ್ಕೆ ಬರುವುದು ಅಲ್ಲಿ.

ತೊಂದರೆ ಇರುವುದು ಶನಿವಾರ. ಬೇರೆ ದಿನ ಬಿಸಿಲೇರಿದ ಮೇಲೆ ಗಂಟೆ ಹೊಡೆಯುವ ಸರ್ಕಾರಿ ಶಾಲೆ ಅಂದು ಬೆಳಿಗ್ಗೆಯೇ ಶುರು. ಮನೆಯಲ್ಲಿ ಅದೇ ಹೊತ್ತಿಗೆ ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕುವ ಗಡಿಬಿಡಿ. ಮಗು ಬರಿಹೊಟ್ಟೆಯಲ್ಲಿ ಹೊರಡುತ್ತದೆ, ಇಲ್ಲವೇ ಶಾಲೆ ತಪ್ಪಿಸುತ್ತದೆ. ಎಳೆಗರುವಿಗೆ ಗೋಣಿಚೀಲ ಹೊದಿಸಿ, ಬಿಸಿಲು ಬಿದ್ದ ಮೇಲೆಯೇ ಹೊರಗೆ ಕಟ್ಟುವವರು ನಾವು. ಮಕ್ಕಳಿಗೂ ಅಷ್ಟು ಕಾಳಜಿ ಬೇಡವೇ?

ಡಿಸೆಂಬರ್, ಜನವರಿಯ ಶನಿವಾರ ಒಂದು ಗಂಟೆ ತಡವಾಗಿ ಶುರುಮಾಡಿ, ಒಂದು ಗಂಟೆ ತಡವಾಗಿ ಬಿಡಲಿ, ಪಾಠವೂ ಕಡಿಮೆಯಾಗದು. ದೂರದಿಂದ ಬರುವ ಶಿಕ್ಷಕರಿಗೆ ಬಸ್ಸಿನ ತೊಂದರೆಯಾದರೆ ಅವರನ್ನೂ ಕೂರಿಸಿಕೊಂಡು ಮಾತಾಡೋಣ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ ಹರಿಹರದ ಬಿಇಒ ಕಚೇರಿಗೆ ಮನವಿ ಕೊಡೋಣ.

ನಮ್ಮ ಪಾಲಿನ ಕೆಲಸವೂ ಇದೆ. ಚಳಿಯಲ್ಲಿ ಮಕ್ಕಳ ಕೈಗೆ ಕ್ಯಾನು ಕೊಟ್ಟು ಡೇರಿಗೆ ಓಡಿಸುವುದು ಬೇಡ. ಹಾಲು ಹಾಕುವ ಮೊದಲು ಒಂದು ಲೋಟ ಅವರಿಗೆ ಕಾಯಿಸಿ ಕೊಡೋಣ.