ಗುಜಿರಿಯ ತಕ್ಕಡಿಗೇನು ಗೊತ್ತು?

"ಒಂಬತ್ತೇ ದಿನದಲ್ಲಿ ಮನೆ ಖಾಲಿ ಮಾಡಿದೆವು" ಎಂದು ಹೆಮ್ಮೆಯಿಂದ ಹೇಳಿಕೊಂಡವರಲ್ಲಿ ನಾನೂ ಒಬ್ಬಳು. ಕಾಪುವಿನ ಹತ್ತಿರದ ನನ್ನ ತವರುಮನೆ ಅದು. ಅಪ್ಪ ತೀರಿಕೊಂಡ ಮೇಲೆ ಜಾಗ ಮಾರುವುದೆಂದೂ ಅಮ್ಮ ಮಣಿಪಾಲದ ನಮ್ಮ ಫ್ಲ್ಯಾಟಿಗೆ ಬರುವುದೆಂದೂ ತೀರ್ಮಾನವಾಯಿತು. ಮುಂಬಯಿಯಿಂದ ಬಂದ ಅಣ್ಣಂದಿರಿಗೆ ಹತ್ತು ದಿನದ ರಜೆ. ಹಿಂದಿರುಗುವ ರೈಲಿನ ಟಿಕೇಟು ಆಗಲೇ ಕಿಸೆಯಲ್ಲಿತ್ತು. ನನಗೋ, ಶಾಲೆ ಶುರುವಾಗುವುದರೊಳಗೆ ಮುಗಿದರೆ ಸಾಕೆಂಬ ಆತುರ.

ಒಂದು ಬೆಳಿಗ್ಗೆ ಗುಜಿರಿಯವನ ಟೆಂಪೋ ಅಂಗಳಕ್ಕೆ ಬಂತು. ಅಟ್ಟದಿಂದ ತಾಮ್ರದ ಹಂಡೆ, ಕೊಪ್ಪರಿಗೆ, ಕಂಚಿನ ಬೋಗುಣಿ ಇಳಿದವು. ಎಲ್ಲವೂ ಕಿಲೋ ಲೆಕ್ಕಕ್ಕೆ ಹೋದವು. ಉಪ್ಪಿನಕಾಯಿಯ ಭರಣಿಗಳನ್ನು "ಇದಕ್ಕೆ ದುಡ್ಡಿಲ್ಲಮ್ಮ" ಎಂದು ಅವನು ಬದಿಗಿಟ್ಟ. ಕಡೆಯುವ ಕಲ್ಲನ್ನು ಎತ್ತುವವರಿಲ್ಲದೆ ಬಾವಿಕಟ್ಟೆಯ ಬಳಿಗೆ ಉರುಳಿಸಿದೆವು. ಮರದ ಸಾಮಾನೆಲ್ಲ ಕಟ್ಟಿಗೆಯ ರಾಶಿಗೆ ಬಿತ್ತು. ಅಪ್ಪನ ಕೋಲು, ಕೈಗಡಿಯಾರ, ಕಾಗದಪತ್ರಗಳನ್ನು ಮಾತ್ರ ದೊಡ್ಡಣ್ಣ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಪೆಟ್ಟಿಗೆಗೆ ಹಾಕಿದ. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. "ಯಾವುದಾದರೂ ಬೇಕಾ ಅಮ್ಮಾ?" ಎಂದು ನಾನು ಕೇಳಿದ್ದು ಟೆಂಪೋ ಹೊರಟ ಮೇಲೆ. "ಇನ್ನೆಂಥದು ಮಗಾ" ಎಂದಳು.

ಮಣಿಪಾಲಕ್ಕೆ ಬಂದ ಎರಡನೆಯ ದಿನ ಅಡುಗೆ ಮಾಡುತ್ತ ಅಮ್ಮ ಒಲೆಯ ಎಡಗಡೆಗೆ ಕೈ ಚಾಚಿ, "ಉಪ್ಪಿನ ಮರಿಗೆ ಎಲ್ಲಿಟ್ಟಿದ್ದಿ?" ಎಂದು ಕೇಳಿದಳು. ಹಲಸಿನ ಮರದಲ್ಲಿ ಕೊರೆದ ಪುಟ್ಟ ಮರಿಗೆ ಅದು. ಮದುವೆಯಾಗಿ ಬಂದ ದಿನದಿಂದ ಅದರಲ್ಲಿ ಬೆರಳಿಟ್ಟು ಉಪ್ಪು ಅಳೆದ ಕೈ ಅವಳದು. ನಾನು ಪ್ಲಾಸ್ಟಿಕ್ ಡಬ್ಬಿಯನ್ನೂ ಚಮಚವನ್ನೂ ತೋರಿಸಿದೆ. ಅಮ್ಮ ಏನೂ ಹೇಳಲಿಲ್ಲ. ಆ ದಿನ ಸಾರಿಗೆ ಉಪ್ಪು ಹೆಚ್ಚಾಯಿತು. ನಾವು ಹೆಸರಿಸಿ ಮಾರಿದ ವಸ್ತುವೂ ಅದಾಗಿರಲಿಲ್ಲ. ಕಟ್ಟಿಗೆಯ ಜೊತೆ ಹೋಗಿತ್ತು.

ಹಳೆಯ ಸಾಮಾನನ್ನು ಕೊಡಲೇಬಾರದೆಂದು ನಾನು ವಾದಿಸುವುದಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಭತ್ತದ ಪತ್ತಾಯ ಇಟ್ಟುಕೊಂಡರೆ ನಾವೆಲ್ಲಿ ಮಲಗುವುದು? 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ನಿಂತ ಮೇಲೆ ಎಷ್ಟೋ ದೊಡ್ಡ ಮನೆಗಳ ಪತ್ತಾಯ ಬರಿದಾಯಿತು. ಉಳುವವನಿಗೆ ಗದ್ದೆ ಸಿಕ್ಕಿದ್ದು ನ್ಯಾಯವೇ. ಬರಿದಾದ ಪತ್ತಾಯಕ್ಕಾಗಿ ನಾನು ಅಳುವವಳಲ್ಲ.

ನನ್ನ ಜಗಳವಿರುವುದು ಅವಸರದ ಜೊತೆ. ಕೆಲವು ಅವಸರ ನಿಜವಾದದ್ದು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ನೆರೆ ಬಂದು ನೀರು ಮನೆಯೊಳಗೆ ನುಗ್ಗಿದಾಗ, ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ಯೋಚಿಸುವ ಪುರುಸೊತ್ತು ಜನರಿಗೆ ಇರಲಿಲ್ಲ. ಅವರನ್ನು ಯಾರೂ ದೂರುವಂತಿಲ್ಲ. ನಮಗೆ ಯಾವ ನೆರೆ ಬಂದಿತ್ತು? ರೈಲಿನ ಟಿಕೇಟು ಇತ್ತು, ಅಷ್ಟೆ. ಅವಸರದಲ್ಲಿ ಮನುಷ್ಯರು ಯೋಚಿಸುವುದನ್ನು ಬಿಟ್ಟು ತಕ್ಕಡಿಯ ಕೈಗೆ ಮನೆಯನ್ನು ಕೊಡುತ್ತಾರೆ. ತಕ್ಕಡಿಗೆ ತೂಕ ಗೊತ್ತು. ಯಾರ ಕೈ ಎಲ್ಲಿಗೆ ಚಾಚುತ್ತದೆಂದು ಅದಕ್ಕೇನು ಗೊತ್ತು? ಆದ್ದರಿಂದಲೇ ಗಂಡಸರ ಕೋಲು ನೆನಪಾಗಿ ಉಳಿಯುತ್ತದೆ, ಹೆಂಗಸರ ಮರಿಗೆ ಕಟ್ಟಿಗೆಯಾಗುತ್ತದೆ.

ಹೆಣ್ಣಿನ ಕಡೆಯಿಂದ ಕುಟುಂಬ ಎಣಿಸುವ ಅಳಿಯಸಂತಾನ ಕಟ್ಟಿನ ನಾಡು ಬೇರೆ ನಮ್ಮದು. ಆ ಕಟ್ಟಿಗೆ 1949ರಲ್ಲಿ ಮದ್ರಾಸು ಸರಕಾರ ಒಂದು ಕಾಯಿದೆಯನ್ನೂ ಮಾಡಿತ್ತು. ಜಾತಿ ಯಾವುದೇ ಇರಲಿ, ಕಟ್ಟು ಯಾವುದೇ ಇರಲಿ, ಜಾಗದ ಪತ್ರಕ್ಕೆ ಅಮ್ಮನ ಸಹಿ ಬೇಕೇಬೇಕೆಂದು ನಮಗೆಲ್ಲ ಗೊತ್ತಿರುತ್ತದೆ. ಯಾವ ಪುಟದಲ್ಲಿ ಹಾಕಬೇಕೆಂದು ಮೂರು ಮಕ್ಕಳೂ ಬೆರಳಿಟ್ಟು ತೋರಿಸಿದೆವು. ಅವಳ ಅಡುಗೆಮನೆಯ ಸಾಮಾನಿಗೆ ಮಾತ್ರ ಅವಳದೊಂದು ಮಾತೂ ಬೇಡವಾಯಿತು!

"ಅದಕ್ಕೆಲ್ಲ ಮ್ಯೂಸಿಯಂ ಇದೆಯಲ್ಲ ಟೀಚರ್" ಎಂದು ಒಬ್ಬರು ನನಗೆ ಸಮಾಧಾನ ಹೇಳಿದರು. ಇದೆ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನೂ ಬಿಸಾಡಿದ ಸಾಮಾನುಗಳನ್ನೂ ಕೂಡಿಸಿ ಮಣಿಪಾಲದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. 1816ರ ಕುಂಜೂರು ಚೌಕಿಮನೆಯನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. 2017ರಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ನಾವು ಊರಿಡೀ ಬಿಸಾಡುತ್ತ ಹೋಗುವುದು, ಒಬ್ಬ ಮನುಷ್ಯ ಹೆಕ್ಕುತ್ತ ಬರುವುದು, ಆಮೇಲೆ ನಾವೇ ಟಿಕೇಟು ತೆಗೆದು ಮಕ್ಕಳಿಗೆ "ನೋಡು, ಇದು ಅಜ್ಜಿಮನೆಯಲ್ಲಿತ್ತು" ಎಂದು ತೋರಿಸುವುದು, ಇದೆಂಥ ಸಂಸಾರ? ನಾವು ಕಿಲೋ ಲೆಕ್ಕಕ್ಕೆ ಕೊಟ್ಟಂಥ ಹಂಡೆಗೇ ನೀರು ತುಂಬಿ ಹೂವು ತೇಲಿಸಿ ಹೋಟೆಲಿನ ಬಾಗಿಲಲ್ಲಿಟ್ಟರೆ "ಎಷ್ಟು ಚಂದ" ಎಂದು ಫೋಟೋ ತೆಗೆಯುತ್ತೇವೆ. ಅಮ್ಮನ ಮರಿಗೆಯನ್ನು ಮ್ಯೂಸಿಯಮ್ಮಿನಲ್ಲಿಟ್ಟಿದ್ದರೂ ಅವಳಿಗೆ ಉಪಯೋಗವಿರಲಿಲ್ಲ. ಅದು ಇರಬೇಕಾದದ್ದು ಒಲೆಯ ಎಡಗಡೆಯಲ್ಲಿ.

ಕಾರ್ಕಳದಲ್ಲಿ ನಮ್ಮ ದೊಡ್ಡತ್ತೆ ಮಾಡಿದ್ದು ನೋಡಿ. ಮಗ ಹಳೆಮನೆ ಕೆಡವಿ ಹೊಸದು ಕಟ್ಟಲು ಹೊರಟಾಗ, "ಒಂದು ಮಳೆಗಾಲ ಕಾಯಿ" ಎಂದರು. ಆ ಮಳೆಗಾಲವಿಡೀ ದಿನಕ್ಕೆ ಒಂದೋ ಎರಡೋ ಸಾಮಾನು ತೆಗೆದು ಒರೆಸಿ, ಅದು ಯಾರಿಗೆ ಎಂದು ತಾವೇ ಹೇಳಿದರು. ದೊಡ್ಡ ಕೊಪ್ಪರಿಗೆ ಕಲಾಯಿ ಹಾಕಿಸಿಕೊಂಡು ಭಜನಾ ಮಂದಿರಕ್ಕೆ ಹೋಯಿತು. ತೊಟ್ಟಿಲು ಕೆಲಸಕ್ಕೆ ಬರುತ್ತಿದ್ದವಳ ಮೊಮ್ಮಗುವಿಗೆ ಹೋಯಿತು. ಒಡೆದದ್ದನ್ನು, ಹುಳ ಹಿಡಿದದ್ದನ್ನು ಒಂದಿಷ್ಟೂ ಬೇಸರವಿಲ್ಲದೆ ಗುಜಿರಿಗೆ ಕಳಿಸಿದರು. ಹೊಸ ಮನೆಗೆ ಅವರು ತಂದುಕೊಂಡದ್ದು ಒಂದು ಮಣೆ ಮತ್ತು ಒಂದು ಮೆಟ್ಟುಕತ್ತಿ. ಮನೆ ಅಲ್ಲಿಯೂ ಖಾಲಿಯಾಯಿತು, ನಮ್ಮದಕ್ಕಿಂತ ಚೊಕ್ಕವಾಗಿಯೇ.

ಅದೇ ಕಾರ್ಕಳದ ಬೆಟ್ಟದ ಮೇಲೆ 1432ರಿಂದ ಗೊಮ್ಮಟ ನಿಂತಿದ್ದಾನೆ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟುಕೊಟ್ಟು ಹೋದವನ ಕತೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಏನು ಕೊಡುತ್ತಿದ್ದೇನೆ, ಯಾರಿಗೆ ಕೊಡುತ್ತಿದ್ದೇನೆ ಎಂದು ತಿಳಿದು ಕೊಟ್ಟರೆ ಅದು ಬಿಟ್ಟುಕೊಡುವುದು. ನಾವು ಕಾಪುವಿನಲ್ಲಿ ಮಾಡಿದ್ದಕ್ಕೆ ಬಿಸಾಡುವುದೆಂದೇ ಹೆಸರು.

ಇದನ್ನು ಓದುವ ನಿಮ್ಮಲ್ಲಿ ಹಲವರ ತವರುಮನೆಯೂ ಇಂದಲ್ಲ ನಾಳೆ ಖಾಲಿಯಾಗುವುದೇ. ಅಮ್ಮ, ಅತ್ತೆ ಗಟ್ಟಿಯಾಗಿರುವಾಗಲೇ ಅಟ್ಟದ ಸಾಮಾನು ಇಳಿಸಿ ಅವರ ಮುಂದಿಡಿ. ಅಣ್ಣತಮ್ಮಂದಿರಿಗೆ ರಜೆ ಸಾಲದಿದ್ದರೆ ಇನ್ನೊಮ್ಮೆ ಬರಲಿ. ಅಳಿಯಂದಿರು ನಕ್ಕರೆ ನಗಲಿ. ಟೆಂಪೋದವನಿಗೆ ಫೋನು ಮಾಡುವ ಮೊದಲು ಅವರನ್ನು ಕೇಳಿ. ನಾನು ಕೇಳಲಿಲ್ಲ.