ಹೊಗೆ ಹಿಡಿದ ಗೋಡೆ ಯಾರಿಗೆ ಚೆಂದ?

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಮೂವರು ಮಿತ್ರರೊಡನೆ ಹಂಪಿಗೆ ಹೊರಟಿದ್ದೆ. ಚಿತ್ರದುರ್ಗ ದಾಟಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಉತ್ತರಕ್ಕೆ ಸಾಗುತ್ತಿದ್ದಾಗ ರಸ್ತೆಯ ಮಗ್ಗುಲಲ್ಲಿ ಹೊಸದೊಂದು ಹೋಟೆಲು ಕಂಡಿತು. ಬಾಗಿಲಲ್ಲಿ ಎತ್ತಿನ ಗಾಡಿಯ ಚಕ್ರ, ಗೋಡೆಯ ಮೇಲೆ ಹಳೆಯ ಸಿನಿಮಾಗಳ ಪೋಸ್ಟರುಗಳು, ಮೂಲೆಯಲ್ಲಿ ಎಂದೂ ಹೊತ್ತಿಸದ ಕಂದೀಲು, ಎಂದೂ ಹಾಡದ ರೇಡಿಯೊ. ಮಿತ್ರರು ಹಿಗ್ಗಿದರು. ‘ಹಳೆಯ ಕಾಲದ ಸೊಗಡು ಎಂದರೆ ಇದು’ ಎಂದರು. ನಾನು ಆ ಸೀಮೆಯಲ್ಲಿ ಹುಟ್ಟಿ ಬೆಳೆದವನು. ‘ಸೊಗಡೇ ಬೇಕಿದ್ದರೆ ಹೆದ್ದಾರಿ ಬಿಟ್ಟು ಕೂಡ್ಲಿಗಿಯ ಒಳಗೆ ಹೋಗೋಣ’ ಎಂದೆ.

ಊರೊಳಗಿನ ಹಳೆಯ ರಸ್ತೆಯ ಬದಿಯಲ್ಲಿ ಆ ಪುಟ್ಟ ಹೋಟೆಲು ಇನ್ನೂ ಇತ್ತು. ಕಟ್ಟಿಗೆಯ ಒಲೆ, ಹೊಗೆಯಿಂದ ಕಪ್ಪಾದ ಗೋಡೆ, ಕೂತು ಕೂತು ನುಣುಪಾದ ಉದ್ದನೆಯ ಬೆಂಚು. ಒಗ್ಗರಣೆ ಮಂಡಕ್ಕಿ ಬಂತು, ಮೇಲೆ ಪುಟಾಣಿ ಹಿಟ್ಟು ಉದುರಿಸಿತ್ತು. ಬಾಣಲೆಯಿಂದ ಆಗತಾನೆ ತೆಗೆದ ಮಿರ್ಚಿ ಬಂತು. ಗಾಜಿನ ಲೋಟದಲ್ಲಿ ಚಹ ಬಂತು. ಮಿತ್ರರು ತಿಂದು, ಕಣ್ಣೀರೊರೆಸಿಕೊಂಡು, ಗೋಡೆಯ ಫೋಟೊ ತೆಗೆದರು. ಹೊರಡುವಾಗ ಅವರಲ್ಲೊಬ್ಬರು ಮಾಲೀಕರಿಗೆ ಪ್ರೀತಿಯಿಂದ ಹೇಳಿದರು: ‘ಎಷ್ಟು ಚೆನ್ನಾಗಿದೆ ಯಜಮಾನರೇ, ದಯವಿಟ್ಟು ಏನನ್ನೂ ಬದಲಾಯಿಸಬೇಡಿ.’ ಆತ ಹಣೆಯ ಬೆವರೊರೆಸಿಕೊಂಡು ನಕ್ಕ. ‘ಬದ್ಲಾಯಿಸ್ಬೇಕಂತ ಹತ್ತು ವರ್ಷದಿಂದ ನೋಡಾಕತ್ತೀನ್ರಿ ಸರ್. ರೊಕ್ಕ ಕೂಡಿಬರವಲ್ದು’ ಎಂದ.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಮಗೆ ಚೆಂದವಾಗಿ ಕಂಡದ್ದು ಆತನಿಗೆ ಬಡತನವಾಗಿತ್ತು. ನಾವು ಮೆಚ್ಚಿದ ಹೊಗೆ ಆತನ ಎದೆಯೊಳಕ್ಕೆ ಹೋಗುತ್ತಿತ್ತು. ಹಳೆಯದನ್ನು ಸವಿಯುವ ನಮ್ಮ ಈ ಹೊಸ ಹವ್ಯಾಸದ ಕುರಿತು ಒಮ್ಮೆ ನಿಂತು ಯೋಚಿಸಬೇಕಾಗಿದೆ ಎನ್ನಿಸಿದ್ದು ಆಗಲೇ.

ಈ ಹವ್ಯಾಸ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ‘ಡೈನರ್’ ಎಂದು ಕರೆಯುವ ರಸ್ತೆಬದಿಯ ಹೋಟೆಲುಗಳಿಗೆ ಇಂದು ಬಹಳ ಅಭಿಮಾನಿಗಳಿದ್ದಾರೆ. ಅವುಗಳ ಮೂಲವನ್ನು 1872ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಗಾಡಿಯಲ್ಲಿಟ್ಟು ಮಾರಿದ ರಾತ್ರಿಯೂಟದಲ್ಲಿ ಗುರುತಿಸುತ್ತಾರೆ. ಪತ್ರಿಕಾಲಯಗಳಲ್ಲಿ, ಕಾರ್ಖಾನೆಗಳಲ್ಲಿ ರಾತ್ರಿ ದುಡಿಯುವವರಿಗೆ ಬಿಸಿ ಊಟ ಸಿಗಲೆಂದು ಹುಟ್ಟಿದ್ದು ಅದು. ನೂರು ವರ್ಷ ಕಳೆದ ಮೇಲೆ, 1978ರಲ್ಲಿ, ಪಾಟಕೆಟ್ ಊರಿನ ‘ಮಾಡರ್ನ್ ಡೈನರ್’ ಆ ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಈ ನಡುವೆ 1956ರ ಕಾಯ್ದೆಯ ಮೇರೆಗೆ ನಿರ್ಮಾಣವಾದ ಅಂತರರಾಜ್ಯ ಹೆದ್ದಾರಿಗಳು ಊರುಗಳನ್ನು ಬದಿಗಿಟ್ಟು ಹೋದವು. ಹಳೆಯ ರಸ್ತೆಗಳ ಎಷ್ಟೋ ಹೋಟೆಲುಗಳು ಬಾಗಿಲು ಮುಚ್ಚಿದವು. ಮೊದಲು ರಸ್ತೆ ದೂರವಾಯಿತು, ಆಮೇಲೆ ಹಂಬಲ ಹುಟ್ಟಿತು. ನಮ್ಮಲ್ಲೂ ಕಥೆ ಅದೇ ದಾರಿ ಹಿಡಿದಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎನ್ನಿಸಿಕೊಂಡಿದ್ದ ಸೊಲ್ಲಾಪುರ–ಮಂಗಳೂರು ರಸ್ತೆ ಕೂಡ್ಲಿಗಿಯ ನಡುವಿನಿಂದಲೇ ಸಾಗುತ್ತಿತ್ತು. ಈಗಿನ ನಾಲ್ಕು ಪಥದ ಹೆದ್ದಾರಿ ಊರಿನ ಹೊರಗಿನಿಂದ ಹಾದುಹೋಗುತ್ತದೆ.

ಆದರೆ ಈ ಹೋಟೆಲುಗಳು ನಮ್ಮಂಥ ದಾರಿಹೋಕರಿಗಾಗಿ ಮಾತ್ರ ಇರುವುವಲ್ಲ. ಹಂಪಿಯಿಂದ ಹಿಂದಿರುಗುವಾಗ ಮಿತ್ರರು ಬಸ್ಸು ಹಿಡಿದರು. ನಾನು ಎರಡು ದಿನ ಉಳಿದು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಸುತ್ತಿದೆ. 2021ರಲ್ಲಿ ಅಸ್ತಿತ್ವಕ್ಕೆ ಬಂದ ವಿಜಯನಗರ ಜಿಲ್ಲೆಯ ಈ ಊರುಗಳಲ್ಲಿ ಪುಟ್ಟ ಹೋಟೆಲು ಏನು ಕೆಲಸ ಮಾಡುತ್ತದೆ ಎಂಬುದನ್ನು ಬೆಳಗಿನ ಜಾವದಲ್ಲೇ ಎದ್ದು ನೋಡಬೇಕು.

ಕೊಟ್ಟೂರಿನಲ್ಲಿ ಮಂಡಕ್ಕಿ–ಮಿರ್ಚಿ ಕೇವಲ ತಿಂಡಿಯಲ್ಲ. ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ಅದೇ ಬುತ್ತಿ, ಅದೇ ಊಟ. ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸಿದರೆ ಮಂಡಕ್ಕಿಯಾಗುತ್ತದೆ. ಹಗುರ, ಅಗ್ಗ, ಬೇಗ ಕೆಡದು. ಬರದ ಸೀಮೆ ತನಗೆ ಹೊಂದುವ ಆಹಾರವನ್ನು ತಾನೇ ಕಂಡುಕೊಂಡದ್ದಕ್ಕೆ ಇದೊಂದು ಉದಾಹರಣೆ.

ಹಗರಿಬೊಮ್ಮನಹಳ್ಳಿಯ ಕಥೆ ರೈಲಿನದು. ಹೊಸಪೇಟೆ–ಕೊಟ್ಟೂರು ಮಾರ್ಗದ ಮೀಟರ್‌ಗೇಜ್ ಹಳಿ ಹೋಗಿ ಬ್ರಾಡ್‌ಗೇಜ್ ಬಂದ ಮೇಲೂ ಬಹುಕಾಲ ಪ್ರಯಾಣಿಕರ ಗಾಡಿ ಬರಲಿಲ್ಲ. ಹೊಸಪೇಟೆಯಿಂದ ಹರಿಹರಕ್ಕೆ ಪ್ರಯಾಣಿಕರ ರೈಲು ಓಡಿದ್ದು 2019ರಲ್ಲಿ. ತುಂಗಭದ್ರೆಯ ಹಿನ್ನೀರಿನ ಬಳಿಯ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡವರೂ ಈ ಊರಿನ ಹೆಸರು ಕೇಳಿಕೊಂಡು ಬರುತ್ತಿದ್ದಾರೆ. ಹಕ್ಕಿ ನೋಡಲು ಬಂದವರಿಗೂ ಹಸಿವಾಗುತ್ತದೆ. ಅವರನ್ನು ಊರಿನ ಒಲೆಯ ಮುಂದೆ ಕೂರಿಸುವ ಯೋಜನೆಯನ್ನು ಯಾರಾದರೂ ಮಾಡಬೇಕಲ್ಲವೇ?

ಹೂವಿನ ಹಡಗಲಿಯಲ್ಲಿ ಮೊಗ್ಗು ಬಿಡಿಸುವ ಕೈಗಳು ಸೂರ್ಯನಿಗಿಂತ ಮೊದಲು ಏಳುತ್ತವೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಅರಳುವ ಮುನ್ನ ಮಾರುಕಟ್ಟೆ ಮುಟ್ಟಬೇಕು. ಹೂವಿನ ಗಂಟು ಬಸ್ಸಿಗೇರಿಸಿ ಬಂದವರಿಗೆ ಮೊದಲ ಚಹ ಕೊಡುವುದು ಇಂಥ ಅಂಗಡಿಯೇ. ಅದೇ ಹೊತ್ತಿಗೆ, ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಹಿಡಿದು, ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೊರಟವರೂ ಅಲ್ಲಿ ನಿಂತಿರುತ್ತಾರೆ. ಹೆದ್ದಾರಿಯ ಆ ಚಕ್ರದ ಹೋಟೆಲಿನಲ್ಲಿ ಒಂದು ಊಟಕ್ಕೆ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ಕುಟುಂಬವೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಈ ಅಂಗಡಿ ಮುಚ್ಚಿದರೆ ನಾವು ಕಳೆದುಕೊಳ್ಳುವುದು ಒಂದು ಫೋಟೊ; ಅವರು ಕಳೆದುಕೊಳ್ಳುವುದು ಒಂದು ಹೊತ್ತಿನ ಊಟ.

ಹರಪನಹಳ್ಳಿಯ ಹೋಟೆಲಿನಲ್ಲಿ ಊಟಕ್ಕಿಂತ ಮಾತೇ ಹೆಚ್ಚು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಬಂತು. ಊರು ಇದ್ದಲ್ಲೇ ಇತ್ತು, ಜಿಲ್ಲೆಯ ಹೆಸರು ಮೂರು ಬಾರಿ ಬದಲಾಯಿತು. ಯಾವ ಜಿಲ್ಲೆಗೆ ಹೋದರೆ ಏನು ಸಿಗುತ್ತದೆ, ಏನು ತಪ್ಪುತ್ತದೆ ಎಂಬ ಚರ್ಚೆಯನ್ನು ನಾನು ಕೇಳಿದ್ದು ವಿಧಾನಸೌಧದಲ್ಲಲ್ಲ, ಇಲ್ಲಿಯ ಬೆಂಚುಗಳ ಮೇಲೆ. ಒಂದೇ ದಿನಪತ್ರಿಕೆಯ ಹಾಳೆಗಳು ನಾಲ್ಕು ಜನರ ಕೈಯಲ್ಲಿ ಹಂಚಿಹೋಗಿದ್ದವು. ನಗರದಲ್ಲಿ ನಾವು ಕಳೆದುಕೊಂಡಿರುವ ಸಾರ್ವಜನಿಕ ಮಾತು ಇನ್ನೂ ಉಳಿದಿರುವ ಜಾಗ ಇದು.

ಹೀಗೆಂದು ಹಳೆಯದನ್ನೆಲ್ಲ ಹೊಗಳುತ್ತ ಕೂತರೆ ನಾನು ಸತ್ಯ ಹೇಳಿದಂತಾಗುವುದಿಲ್ಲ. ನನ್ನ ಬಾಲ್ಯದ ಊರಿನ ಹೋಟೆಲಿನಲ್ಲಿ ಇಂಥದೇ ಒಂದು ಬೆಂಚಿತ್ತು. ಅಪ್ಪನ ಪಕ್ಕದಲ್ಲಿ ಕಾಲು ಅಲ್ಲಾಡಿಸುತ್ತ ಕುಳಿತು ನಾನು ಮಿರ್ಚಿ ತಿನ್ನುತ್ತಿದ್ದಾಗ, ನನ್ನದೇ ತರಗತಿಯ ಒಬ್ಬ ಹುಡುಗ ತನ್ನ ಅಪ್ಪನೊಡನೆ ಹೊರಗೆ ನಿಂತಿರುತ್ತಿದ್ದ. ಅವರ ಲೋಟಗಳು ಹೊರಗೋಡೆಯ ಗೂಡಿನಲ್ಲಿದ್ದವು. ಅವರೇ ತೆಗೆದುಕೊಳ್ಳಬೇಕು, ಮೇಲಿನಿಂದ ಸುರಿದ ಚಹ ಕುಡಿಯಬೇಕು, ಅವರೇ ತೊಳೆದಿಡಬೇಕು. ಹೋಟೆಲು, ಅಂಗಡಿಗಳ ಪ್ರವೇಶಕ್ಕೆ ಜಾತಿ ಅಡ್ಡಬರಕೂಡದು ಎಂದು ಸಂವಿಧಾನದ 15ನೇ ವಿಧಿ ಹೆಸರಿಟ್ಟೇ ಹೇಳಿದೆ. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆಯೂ ಬಂದಿತ್ತು. ಕಾಯ್ದೆಗೂ ಗೂಡಿನಲ್ಲಿದ್ದ ಆ ಲೋಟಕ್ಕೂ ಪರಿಚಯವೇ ಇರಲಿಲ್ಲ. ಆ ಹುಡುಗ ಮರುದಿನ ಶಾಲೆಯಲ್ಲಿ ನನ್ನ ಮುಖ ನೋಡುತ್ತಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ.

ಅಮೆರಿಕದ ಹೋಟೆಲುಗಳ ಹಂಬಲಕ್ಕೂ ಇಂಥದೇ ನೆರಳಿದೆ. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋ ನಗರದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ; ಅವರು ಏಳಲಿಲ್ಲ. ಆ ಕುರ್ಚಿಗಳ ಹೊಳಪನ್ನು ಮಾತ್ರ ನೆನೆಯುವವರಿಗೆ, ಅವುಗಳ ಮೇಲೆ ಕೂರಲು ಮನುಷ್ಯರು ಹೋರಾಡಬೇಕಾಯಿತು ಎಂಬುದು ಮರೆಯುತ್ತದೆ. ಹೊಸ ಹೋಟೆಲಿನವರು ಎತ್ತಿನ ಗಾಡಿಯ ಚಕ್ರ ತಂದಿಟ್ಟಿದ್ದಾರೆ, ಕಂದೀಲು ತಂದಿಟ್ಟಿದ್ದಾರೆ. ಗೂಡಿನ ಲೋಟವನ್ನು ಯಾರೂ ತಂದಿಟ್ಟಿಲ್ಲ. ಹೆಣ್ಣುಮಕ್ಕಳು ಬೆಂಚಿನತ್ತ ಸುಳಿಯದೆ ಬಸ್ಸಿನಲ್ಲೇ ಹಸಿದು ಕೂರುತ್ತಿದ್ದುದೂ ಆ ಸೊಗಡಿನ ಲೆಕ್ಕಕ್ಕೆ ಬಂದಿಲ್ಲ.

ಹಾಗಾದರೆ ಉಳಿಸಬೇಕಾದದ್ದು ಏನು? ನನ್ನ ಉತ್ತರ ಇಷ್ಟೇ. ಗೋಡೆಯ ಮಸಿಯನ್ನಲ್ಲ, ಬೆಂಚಿನ ಮೇಲಿನ ಸಮಾನತೆಯನ್ನು ಉಳಿಸಬೇಕು. ಅದು ಪರಂಪರೆಯಿಂದ ತಾನಾಗಿ ಬಂದದ್ದಲ್ಲ. ಜನ ಹೋರಾಡಿ, ಎಲ್ಲೋ ಪೂರ್ಣವಾಗಿ, ಎಲ್ಲೋ ಅರೆಬರೆಯಾಗಿ ಗಳಿಸಿದ್ದು. ಹರಪನಹಳ್ಳಿಯ ಆ ಬೆಂಚಿನ ಮೇಲೆ ಶಿಕ್ಷಕರೂ ಹಮಾಲರೂ ಒಂದೇ ಬಗೆಯ ಲೋಟದಲ್ಲಿ ಚಹ ಕುಡಿಯುತ್ತಿದ್ದರು. ಹಳೆಯ ಹೋಟೆಲಿನಲ್ಲಿ ನಾನು ಕಂಡ ಅತ್ಯಂತ ಚೆಂದದ ವಸ್ತು ಇದೇ, ಮತ್ತು ಇದು ಹಳೆಯದಲ್ಲ.

‘ವ್ಯಾಪಾರ ನಡೆಯದಿದ್ದರೆ ಅಂಗಡಿ ಮುಚ್ಚುತ್ತದೆ, ಅದು ಮಾರುಕಟ್ಟೆಯ ನಿಯಮ’ ಎನ್ನುವವರಿದ್ದಾರೆ. ಅವರು ಗಮನಿಸಬೇಕಾದ ಸಂಗತಿಯೊಂದಿದೆ. ಗಿರಾಕಿಗಳನ್ನು ಊರಿನಾಚೆ ಒಯ್ದದ್ದು ಮಾರುಕಟ್ಟೆಯಲ್ಲ, ಸರ್ಕಾರದ ರಸ್ತೆ. ಬೈಪಾಸ್ ಬೇಡವೆಂದು ನಾನು ಹೇಳುವುದಿಲ್ಲ. ಶಾಲೆಯ ಮುಂದೆ ಅದಿರಿನ ಲಾರಿ ಓಡುವುದು ಯಾರಿಗೂ ಬೇಡ. ಆದರೆ ರಸ್ತೆಗೆ ಭೂಮಿ ಕೊಟ್ಟವರಿಗೆ ಪರಿಹಾರವಿದೆ, ಅದೇ ರಸ್ತೆಯಿಂದ ಗಿರಾಕಿ ಕಳೆದುಕೊಂಡವರಿಗೆ ಇಲ್ಲ. ಬೈಪಾಸಿನ ಬಾಯಲ್ಲಿ ‘ಊರೊಳಗೆ ಊಟ, ಉಪಾಹಾರ ಇದೆ’ ಎಂಬ ಒಂದು ಫಲಕವನ್ನಾದರೂ ನಿಲ್ಲಿಸಬಹುದು.

ಮಾಡಬಹುದಾದ ಕೆಲಸ ಇನ್ನೂ ಇದೆ. ಬೀದಿ ಬದಿಯ ವ್ಯಾಪಾರಿಗಳ ಹಿತಕ್ಕಾಗಿ 2014ರ ಕಾಯ್ದೆಯಿದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡಕೂಡದೆಂದೂ, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕೆಂದೂ ಅದು ಹೇಳುತ್ತದೆ. ರಸ್ತೆ ಅಗಲೀಕರಣದ ನೋಟಿಸು ಬರುವ ಮೊದಲು ಈ ಸಮಿತಿಗಳು ಸಭೆ ಸೇರುವಂತಾಗಲಿ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಸಾಲ ಯೋಜನೆ ಬಂದಿತು. ಆದರೆ ನಾಲ್ಕು ಗೋಡೆ, ಎರಡು ಬೆಂಚಿರುವ ಪುಟ್ಟ ಹೋಟೆಲು ತಳ್ಳುಗಾಡಿಯೂ ಅಲ್ಲ, ಉದ್ದಿಮೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ನಡುವೆ ನಿಂತಿದೆ. ಹೊಗೆರಹಿತ ಒಲೆ, ಕುಡಿಯುವ ನೀರು, ಹೆಣ್ಣುಮಕ್ಕಳಿಗೊಂದು ಶೌಚಾಲಯ, ಇಷ್ಟಕ್ಕೆ ಸುಲಭ ಸಾಲ ಸಿಕ್ಕರೆ ಸಾಕು. ಬಸ್ ನಿಲ್ದಾಣದ ಮಳಿಗೆಗಳನ್ನು ಹೆಚ್ಚು ಬಾಡಿಗೆ ಕೂಗಿದವರಿಗೇ ಕೊಡುವ ಬದಲು ಒಂದನ್ನಾದರೂ ಊರಿನ ತಿಂಡಿಗೆ ಮೀಸಲಿಡಬಹುದು.

ಆಹಾರ ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಬೇಡ. ಕರಿದ ಎಣ್ಣೆಯ ಮರುಬಳಕೆಗೆ 2018ರಿಂದ ಮಿತಿಯಿದೆ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದಕ್ಕೂ ನಿಷೇಧವಿದೆ. ಬಡವರ ಹೊಟ್ಟೆಗೂ ಈ ರಕ್ಷಣೆ ಬೇಕು. ಆದರೆ ಅಧಿಕಾರಿಗಳು ನೋಟಿಸಿನೊಡನೆ ಒಂದು ದಾರಿಯನ್ನೂ ತೋರಿಸಲಿ. ಪತ್ರಿಕೆಯ ಹಾಳೆಗೆ ಬದಲಾಗಿ ಮುತ್ತುಗದ ಎಲೆ ಹೊಲಿಯುವ ಹೆಂಗಸರ ಸಂಘಕ್ಕೆ ಬೇಡಿಕೆ ಸಲ್ಲಿಸಿದರೆ ಎರಡು ಮನೆಗಳ ಒಲೆ ಉರಿಯುತ್ತದೆ.

ನಾವು ಓದುಗರು ಮಾಡಬೇಕಾದದ್ದೂ ಇದೆ. ಮುಂದಿನ ಬಾರಿ ಹಂಪಿಗೆ ಹೋಗುವಾಗ ಅರ್ಧ ಗಂಟೆ ಹೆಚ್ಚು ಕಳೆದರೂ ಊರೊಳಗೆ ಹೋಗಿ ಉಣ್ಣೋಣ. ಕೇಳಿದಷ್ಟು ದುಡ್ಡು ಕೊಡೋಣ. ‘ಬದಲಾಯಿಸಬೇಡಿ’ ಎಂಬ ಉಪದೇಶವನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳೋಣ.

ಮೂರನೆಯ ದಿನ ಬೆಂಗಳೂರಿಗೆ ಮರಳುವಾಗ ಕೂಡ್ಲಿಗಿಯಲ್ಲಿ ಮತ್ತೆ ಇಳಿದೆ. ಮಾಲೀಕ ಗುರುತು ಹಿಡಿದು, ಕೇಳದೆಯೇ ಚಹ ತಂದಿಟ್ಟ. ‘ನಿಮ್ಮ ಗೆಳೆಯರು ಗ್ವಾಡಿ ಫೋಟೊ ಹಿಡ್ಕಂಡು ಹೋದ್ರಲ್ರೀ, ಅವ್ರಿಗೆ ಹೇಳ್ರಿ ಸರ್, ಉಗಾದಿಗೆ ಸುಣ್ಣ ಹೊಡಸ್ತೀನಿ, ಆಮ್ಯಾಲೆ ಬಂದು ಇನ್ನೊಂದು ಫೋಟೊ ತಗೀರಿ ಅಂತ’ ಎಂದ. ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.